ಮಿಸ್ಟರ್ ಸನ್‌ಶೈನ್ ಚಿತ್ರೀಕರಣದ ಜಾಗಗಳು: ಅಮ್ಮನ ಜೊತೆ ಹೋಗುತ್ತಿದ್ದೇನೆ, ಹೋಗಿ ಬಂದವರು ದಯವಿಟ್ಟು ಹೇಳಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಕೊರಿಯಾಗೆ ಹೋಗುತ್ತಿದ್ದೇನೆ. 9 ದಿನ ಸಿಕ್ಕಿದೆ. ರಾಜಧಾನಿ ಸೋಲ್‌ನ ಅಂಗಡಿ ಬೀದಿ, ಮೇಕಪ್ ಸಾಮಾನು, ಇದ್ಯಾವುದೂ ನಮಗೆ ಮುಖ್ಯ ಅಲ್ಲ. ಅಮ್ಮನಿಗೆ ನೋಡಬೇಕಾಗಿರುವುದು ಮಿಸ್ಟರ್ ಸನ್‌ಶೈನ್ ಎಂಬ ಕೊರಿಯನ್ ಧಾರಾವಾಹಿಯಲ್ಲಿ ನಾಯಕಿ ಏ-ಶಿನ್ ಮತ್ತು ನಾಯಕ ಯೂಜಿನ್ ಕೈಕುಲುಕುತ್ತಾರಲ್ಲ, ಹಳ್ಳದ ಮೇಲಿನ ಆ ಸಣ್ಣ ಸೇತುವೆ.

ಅಮ್ಮನ ಈ ಆಸೆ ಇವತ್ತಿನದಲ್ಲ. 2006ರಲ್ಲಿ ದೂರದರ್ಶನದಲ್ಲಿ ದೇ ಜಾಂಗ್ ಗುಮ್ ಹಿಂದಿಗೆ ಡಬ್ ಆಗಿ ಬರುತ್ತಿತ್ತು. ಅರಮನೆಯ ಅಡುಗೆಮನೆಗೆ ಸೇರಿದ ಹುಡುಗಿ ಮುಂದೆ ರಾಜನ ವೈದ್ಯೆ ಆಗುವ ಕಥೆ, ನೆನಪಿದೆಯಾ? ಅಮ್ಮನಿಗೆ ಹಿಂದಿ ಅಷ್ಟಾಗಿ ಬರಲ್ಲ. ಆದರೂ ಒಲೆ ಮೇಲೆ ಸಾರು ಇಟ್ಟು ಬಂದು ಕೂತು ನೋಡುತ್ತಿದ್ದಳು, ಎಷ್ಟೋ ಸಲ ಸಾರು ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ. ಲಾಕ್‌ಡೌನ್‌ನಲ್ಲಿ ನಾನು ಊರಿಗೆ ಬಂದಾಗ ಮಿಸ್ಟರ್ ಸನ್‌ಶೈನ್ ಹಾಕಿದೆ. 24 ಕಂತು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಯ ಕಂತು ಮುಗಿದ ರಾತ್ರಿ ಅಮ್ಮ ಬಹಳ ಹೊತ್ತು ಮಾತಾಡಲೇ ಇಲ್ಲ. ಆಮೇಲೆ ಕೇಳಿದ್ದು, 'ಆ ಸೇತುವೆ ನಿಜವಾಗಲೂ ಇದೆಯಾ?' ಅಂತ.

ಅಮ್ಮನಿಗೆ 63. ಮಂಡಿ ನೋವಿದೆ. ಸಸ್ಯಾಹಾರಿ. ನಿಧಾನಕ್ಕೆ ನಡೆಯುತ್ತಾಳೆ, ಆದರೆ ನಡೆಯುತ್ತಾಳೆ. ಯಾವ ಜಾಗ ಎಲ್ಲಿದೆ, ಯಾವುದು ಸೆಟ್, ಯಾವುದು ನಿಜವಾದ ಹಳೆಯ ಜಾಗ, ದಿನಗಳನ್ನು ಹೇಗೆ ಹಂಚಿಕೊಳ್ಳುವುದು, ಇಷ್ಟು ಹೇಳಿದರೆ ಉಪಕಾರ ಆಗುತ್ತದೆ.

ಸುವೊನ್ ಕನ್ನಡಿಗ:

ತುಂಗಾತೀರ ಅವರೇ, ಓದಿ ಖುಷಿ ಆಯ್ತು. ನಾನು ಕೆಲಸದ ಮೇಲೆ ಸೋಲ್ ಹತ್ತಿರದ ಸುವೊನ್‌ನಲ್ಲಿ ಇದ್ದೇನೆ, ಈ ಜಾಗಗಳನ್ನೆಲ್ಲ ರಜೆಯಲ್ಲಿ ಒಂದೊಂದಾಗಿ ಸುತ್ತಿದ್ದೇನೆ.

ಮೊದಲು ಒಂದು ವಿಷಯ. ಈ ಧಾರಾವಾಹಿಯಲ್ಲಿ ಒಂದೇ ಊರು ಅಂತ ಕಾಣುವುದೆಲ್ಲ ಬೇರೆ ಬೇರೆ ಜಿಲ್ಲೆಗಳಲ್ಲಿದೆ. ಟ್ರಾಮ್ ಓಡುವ ಬೀದಿ, ಗ್ಲೋರಿ ಹೋಟೆಲ್, ಇವೆಲ್ಲ ನೊನ್‌ಸಾನ್ ಎಂಬ ಊರಿನಲ್ಲಿ ಕಟ್ಟಿದ ಸೆಟ್. ಧಾರಾವಾಹಿ ಮುಗಿದ ಮೇಲೆ 2018ರ ಕೊನೆಗೆ ಅದನ್ನು ಜನರಿಗೆ ತೆರೆದರು. ಏ-ಶಿನ್ ಮನೆ ಅಂತ ತೋರಿಸುವುದು ದಕ್ಷಿಣದ ಹಾಮ್ಯಾಂಗ್‌ನಲ್ಲಿರುವ ಇಲ್ದು ಗೊಟೇಕ್. ಅದು ನಿಜವಾದ ಹಳೆಯ ಮನೆ. ಇನ್ನು ನಿಮ್ಮ ಅಮ್ಮನ ಸೇತುವೆ ಆನ್‌ದಾಂಗ್ ಕಡೆ, ಗಿಲಾನ್ ಎಂಬಲ್ಲಿ, ಮಾನ್‌ಹ್ಯುಜಂಗ್ ಎಂಬ ಮಂಟಪದ ಮುಂದೆ. ಇಬ್ಬರೂ ದೋಣಿ ಹತ್ತುವ ನದಿ ದಡ ಕೂಡ ಆನ್‌ದಾಂಗ್‌ನದೇ. ಅದು ಗೊಸಾನ್‌ಜಂಗ್ ಮಂಟಪದ ಎದುರಿನ ನಾಕ್‌ದಾಂಗ್ ನದಿ. ಆದರೆ ಊರಿನ ಇನ್ನೊಂದು ದಿಕ್ಕಿಗೆ, ದೂರ.

ಹಾಗಾಗಿ ಎಲ್ಲವನ್ನೂ ತುರುಕಬೇಡಿ. ಆನ್‌ದಾಂಗ್‌ನಲ್ಲಿ 3 ರಾತ್ರಿ ಉಳಿಯಿರಿ. ಸೋಲ್‌ನ ಚಂಗ್ನ್ಯಾಂಗ್ನಿ ಸ್ಟೇಷನ್‌ನಿಂದ ಸುಮಾರು 2 ಗಂಟೆಯ ರೈಲು. ಅಲ್ಲಿಂದ ಸೇತುವೆಗೆ ಟ್ಯಾಕ್ಸಿ ಮಾಡಿಕೊಳ್ಳಿ. ಬಸ್ಸಿದೆ, ಆದರೆ ಕಡಿಮೆ. ಅಮ್ಮನ ಜೊತೆ ಬಸ್ ಸ್ಟಾಪಿನಲ್ಲಿ ಕಾಯುವುದು ಬೇಡ. ಫೋನಿನಲ್ಲಿ ನೇವರ್ ಮ್ಯಾಪ್ ಅಥವಾ ಕಾಕಾವ್ ಮ್ಯಾಪ್ ಹಾಕಿಕೊಳ್ಳಿ, ಇಲ್ಲಿ ದಾರಿ ಹುಡುಕಲು ಎಲ್ಲರೂ ಬಳಸುವುದು ಅದನ್ನೇ. ಜಾಗದ ಹೆಸರನ್ನು ಕೊರಿಯನ್ ಲಿಪಿಯಲ್ಲಿ ಬರೆದಿಟ್ಟುಕೊಂಡರೆ ಟ್ಯಾಕ್ಸಿಯವರಿಗೆ ತೋರಿಸಬಹುದು.

ಮತ್ತೆ, ಅಮ್ಮ ದೇ ಜಾಂಗ್ ಗುಮ್ ನೋಡಿದ್ದಾರೆ ಅಂದ್ರಲ್ಲ, ಹಾಗಿದ್ದರೆ ಸುವೊನ್‌ಗೆ ಬನ್ನಿ. ಇಲ್ಲಿನ ಹ್ವಾಸಾಂಗ್ ಹೇಂಗುಂಗ್ ಅರಮನೆಯಲ್ಲಿ ಅದರ ಚಿತ್ರೀಕರಣ ನಡೆದಿದೆ. ರಾಜ ಜಾಂಗ್‌ಜೊ ತನ್ನ ತಂದೆಯ ಸಮಾಧಿಗೆ ಬಂದಾಗ ಇಳಿದುಕೊಳ್ಳಲು ಇದ್ದ ಅರಮನೆ ಇದು. 1795ರಲ್ಲಿ ತಾಯಿಯ 60ನೇ ವರ್ಷದ ಹಬ್ಬವನ್ನು ಆತ ಮಾಡಿದ್ದು ಇಲ್ಲೇ. ಅಮ್ಮನ ಜೊತೆ ಬರುವವರಿಗೆ ಇದಕ್ಕಿಂತ ಒಳ್ಳೆಯ ಅರಮನೆ ಯಾವುದಿದೆ ಹೇಳಿ.

ಕಾಫಿತೋಟ:

ನಾನು ನೊನ್‌ಸಾನ್‌ಗೆ ಮಾತ್ರ ಹೋಗಿದ್ದೆ, ತಂಗಿಯ ಜೊತೆ. ಪೂರ್ತಿ ತೃಪ್ತಿ ಆಯ್ತು. ಆ ಕಾಲದ ಬಟ್ಟೆ ಬಾಡಿಗೆಗೆ ಕೊಡುತ್ತಾರೆ. ಗ್ಲೋರಿ ಹೋಟೆಲ್ ಒಳಗೆ ಕೂತು ಕಾಫಿ ಕುಡಿಯಬಹುದು. ಟ್ರಾಮ್ ಪಕ್ಕ, ಕಮಾನು ಸೇತುವೆ ಮೇಲೆ ಎಲ್ಲ ಕಡೆ ಫೋಟೋ ತೆಗೆಸಿಕೊಂಡೆವು, ಯಾರೂ ಬೇಡ ಅನ್ನಲಿಲ್ಲ. ನೆಲ ಸಮ ಇದೆ, ಅಮ್ಮನಿಗೂ ಸುಲಭ. ಸೋಲ್‌ನ ಯೊಂಗ್‌ಸಾನ್ ಸ್ಟೇಷನ್‌ನಿಂದ ಕೆಟಿಎಕ್ಸ್ ಎಂಬ ವೇಗದ ರೈಲು ಇದೆ. ಒಂದು ಮಂಟಪ ನೋಡಲು ಅಷ್ಟು ದೂರ ಹೋಗಿ ಬೆಟ್ಟ ಹತ್ತುವುದಕ್ಕಿಂತ ಇದೇ ಸಾಕಲ್ವಾ? ಕಥೆಯ ಅರ್ಧ ಭಾಗ ನಡೆಯುವುದು ಈ ಬೀದಿಯಲ್ಲೇ. ಆ ಬೀದಿಯಲ್ಲಿ ನಿಂತಾಗ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಮಣ್ಣಿನಮನೆ:

ಕಾಫಿತೋಟ ಅವರೇ, ನಿಮ್ಮ ಮಾತನ್ನು ಒಪ್ಪುತ್ತೇನೆ. ನೊನ್‌ಸಾನ್ ಸೆಟ್ ಚೆನ್ನಾಗಿದೆ, ನಾನೂ ಹೋಗಿದ್ದೆ. ಆದರೆ ತುಂಗಾತೀರ ಅವರ ಅಮ್ಮ ಕೇಳಿದ ಪ್ರಶ್ನೆ ನೋಡಿ, 'ನಿಜವಾಗಲೂ ಇದೆಯಾ?' ಅಂತ. ಆ ಪ್ರಶ್ನೆಗೆ ಉತ್ತರ ಸಿಗುವುದು ಮಾನ್‌ಹ್ಯುಜಂಗ್‌ನಲ್ಲಿ ಮಾತ್ರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಹಳೆಯ ಮನೆಗಳ ರಿಪೇರಿ ಕೆಲಸ ಮಾಡುತ್ತೇನೆ. ತೊಟ್ಟಿಮನೆ, ಮರದ ಕಂಬ, ನಾಡಹೆಂಚು, ಇದೇ ನನ್ನ ಬದುಕು. 2023ರ ನವೆಂಬರ್‌ನಲ್ಲಿ ಹೋಗಿದ್ದೆ. ಮುಕ್‌ಗ್ಯೆ ಎಂಬ ಹಳ್ಳಿಯಲ್ಲಿ ಟ್ಯಾಕ್ಸಿ ಬಿಟ್ಟಿತು. ಅಲ್ಲಿಂದ ಹಳ್ಳದ ಪಕ್ಕದ ಏರುದಾರಿ. ಸ್ವಲ್ಪ ಹೊತ್ತಿನಲ್ಲೇ ಒಂದು ಜಲಪಾತ ಸಿಗುತ್ತದೆ, ಅದನ್ನು ದಾಟಿ ಮೇಲೆ ಬಂದರೆ ಹಾಸುಬಂಡೆ, ಬಂಡೆಯ ಮೇಲೆ ತೆಳ್ಳಗೆ ಹರಿಯುವ ನೀರು, ಅದರ ಮೇಲೆ ಸೇತುವೆ, ಆಚೆ ಕಡೆ ಮಂಟಪ. ಪರದೆಯಲ್ಲಿ ನೋಡಿದ್ದಕ್ಕಿಂತ ಎಲ್ಲವೂ ಚಿಕ್ಕದು. ನನಗೆ ಅದೇ ತುಂಬಾ ಹಿಡಿಸಿತು.

ಮಂಟಪದ ಮುಂಭಾಗ ಮೂರು ಅಂಕಣ. ಮುಂದಿನ ಸಾಲು ಪೂರ್ತಿ ತೆರೆದ ಮರದ ನೆಲ, ನಮ್ಮ ಜಗುಲಿ ಇದ್ದ ಹಾಗೆ. ಹಿಂದೆ ಎರಡೂ ಬದಿಗೆ ಒಂದೊಂದು ಸಣ್ಣ ಕೋಣೆ. ಆ ಕೋಣೆಗಳ ನೆಲವನ್ನು ಕೆಳಗಿನಿಂದ ಬೆಂಕಿ ಹಾಕಿ ಬೆಚ್ಚಗೆ ಮಾಡುತ್ತಿದ್ದರು. ಚಳಿಗಾಲಕ್ಕೆ ಕೋಣೆ, ಬೇಸಿಗೆಗೆ ಜಗುಲಿ. ಒಬ್ಬ ಮುದುಕ ಕೂತು ನೀರಿನ ಸದ್ದು ಕೇಳಲು ಎಷ್ಟು ಬೇಕೋ ಅಷ್ಟೇ ಕಟ್ಟಿದ್ದಾರೆ.

ಆ ಮುದುಕ ಯಾರು ಅಂತ ತಿಳಿದುಕೊಂಡು ಹೋಗಿ, ಜಾಗ ಬೇರೆಯೇ ಥರ ಕಾಣುತ್ತದೆ. ಹೆಸರು ಕಿಮ್ ಗ್ಯೆ-ಹೇಂಗ್, 1431ರಿಂದ 1517ರವರೆಗೆ ಬದುಕಿದ್ದ ಜೊಸೊನ್ ರಾಜವಂಶದ ಕಾಲದ ವಿದ್ವಾಂಸ. ದೊಡ್ಡ ಸರ್ಕಾರಿ ಪರೀಕ್ಷೆ ಪಾಸಾಗಿದ್ದೇ 50ರ ವಯಸ್ಸಿನಲ್ಲಿ. ಯಾನ್‌ಸಾನ್‌ಗುನ್ ಎಂಬ ಕ್ರೂರ ರಾಜನ ಕಾಲದಲ್ಲಿ ಅಧಿಕಾರ ಬಿಟ್ಟು ಊರಿಗೆ ಬಂದು, 70ರ ಆಸುಪಾಸಿನಲ್ಲಿ ಈ ಮಂಟಪ ಕಟ್ಟಿದ. ಮಾನ್‌ಹ್ಯು ಅಂದರೆ ತಡವಾಗಿ ಸಿಕ್ಕ ವಿಶ್ರಾಂತಿ. ನಮ್ಮ ಮನೆಯಲ್ಲಿ ಬೆಲೆಬಾಳುವ ವಸ್ತು ಯಾವುದೂ ಇಲ್ಲ, ಇದ್ದರೆ ಅದು ಶುದ್ಧವಾದ ನಡತೆ ಒಂದೇ ಎನ್ನುವುದು ಆತನ ಮಾತು. ಮಂಟಪದಲ್ಲಿ ಹಲಗೆಯ ಮೇಲೆ ಬರೆದು ತೂಗುಹಾಕಿದ್ದಾರೆ. ಹಳ್ಳದ ಬಂಡೆಯ ಮೇಲೂ ಅಕ್ಷರಗಳು ಕೆತ್ತಿವೆ, ನೀರು ಕಡಿಮೆ ಇದ್ದಾಗ ಚೆನ್ನಾಗಿ ಕಾಣುತ್ತವೆ. ದೇಶ ಜಪಾನಿನ ಕೈಗೆ ಜಾರುತ್ತಿರುವಾಗ ಏನೂ ಬಯಸದೆ ನಿಂತ ಜನರ ಕಥೆಗೆ ಈ ಜಾಗವನ್ನು ಆರಿಸಿದವರು ಸರಿಯಾಗಿಯೇ ಆರಿಸಿದ್ದಾರೆ ಅಂತ ನನಗೆ ಅನ್ನಿಸಿತು. ನೀರಿನ ಪಕ್ಕ ಕೂತಿದ್ದ ಎರಡು ಗಂಟೆಯೂ ಅದೇ ಯೋಚನೆ.

ಈಗ ಹೇಳಲೇಬೇಕಾದ ಇನ್ನೊಂದು ವಿಷಯ. 2025ರ ಮಾರ್ಚ್ 22ರಂದು ಪಕ್ಕದ ಉಯಿಸಾಂಗ್‌ನಲ್ಲಿ ಕಾಡಿಗೆ ಬೆಂಕಿ ಬಿತ್ತು. ಒಣ ಗಾಳಿ, ಪೈನ್ ಮರಗಳು. ಆನ್‌ದಾಂಗ್ ದಾಟಿ ಪೂರ್ವದ ಸಮುದ್ರ ತೀರದವರೆಗೂ ಹೋಯಿತು. ಆ ದೇಶ ಕಂಡ ಅತಿ ದೊಡ್ಡ ಕಾಡ್ಗಿಚ್ಚು ಅದು, ಎಷ್ಟೋ ಜನ ಜೀವ ಕಳೆದುಕೊಂಡರು. 681ರಲ್ಲಿ ಶುರುವಾದ ಗೊಉನ್‌ಸಾ ಎಂಬ ಬೌದ್ಧ ದೇವಾಲಯದ ಕಟ್ಟಡಗಳು ಸುಟ್ಟುಹೋದವು. 25ರ ರಾತ್ರಿ ನಾನು ಬೆಂಗಳೂರಿನಲ್ಲಿ ಫೋನ್ ಹಿಡಿದು ಕೂತಿದ್ದೆ, ಮಾನ್‌ಹ್ಯುಜಂಗ್ ಪೂರ್ತಿ ಸುಟ್ಟುಹೋಗಿದೆ ಅಂತ ಸುದ್ದಿ ಬಂತು. ಆ ಜಗುಲಿಯ ಮರದ ನೆಲ ಮುಟ್ಟಿ ಬಂದಿದ್ದ ಕೈ ಇದು. ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೊಗೆ ಸರಿದ ಮೇಲೆ ಅಧಿಕಾರಿಗಳು ಹೋಗಿ ನೋಡಿದರೆ ಮಂಟಪ ಹಾಗೇ ನಿಂತಿದೆ! ಬೆಂಕಿ ಹತ್ತಿರ ಬರುವ ಮೊದಲೇ ಸಿಬ್ಬಂದಿ ಇಡೀ ಕಟ್ಟಡಕ್ಕೆ ಬೆಂಕಿ ತಾಳುವ ಬಟ್ಟೆ ಸುತ್ತಿ, ನೀರು ಹೊಡೆದು ಹೋಗಿದ್ದರು. ಹತ್ತಿರದ ಕೆಲವು ಪೈನ್ ಮರಗಳು ಕಪ್ಪಾಗಿದ್ದವು, ಮಂಟಪಕ್ಕೆ ಏನೂ ಆಗಿರಲಿಲ್ಲ. ಆ ಫೋಟೋ ನೋಡಿ ನಾನು ಅತ್ತುಬಿಟ್ಟೆ. ಕಟ್ಟಡಕ್ಕೆ ಹೊದಿಕೆ ಹೊದಿಸಿ, ನಾವಿನ್ನು ಹೊರಡಬೇಕು ಅಂತ ಹಿಂದೆ ಸರಿದ ಆ ಕೈಗಳನ್ನು ನೆನೆಸಿಕೊಳ್ಳಿ.

ಆದ್ದರಿಂದ ಹೋಗಿ. ಖಂಡಿತ ಹೋಗಿ. ಹೊರಡುವ ಮೊದಲು ಆನ್‌ದಾಂಗ್ ಸ್ಟೇಷನ್ ಹತ್ತಿರದ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ದಾರಿ ತೆರೆದಿದೆಯಾ ಅಂತ ಕೇಳಿಕೊಂಡು ಟ್ಯಾಕ್ಸಿ ಹತ್ತಿ.

ಹೊಸಚಿಗುರು:

ಮಣ್ಣಿನಮನೆ ಅವರೇ, ಓದುತ್ತಾ ಮೈ ಜುಮ್ ಅಂತು. ಒಂದು ಪ್ರಶ್ನೆ ಕೇಳಬಹುದಾ? ಅಷ್ಟು ಹಳೆಯ, ಅಷ್ಟು ನಾಜೂಕಾದ ಜಾಗದಲ್ಲಿ ಚಿತ್ರೀಕರಣಕ್ಕೆ ಬಿಡುವುದೇ ತಪ್ಪಲ್ವಾ? ನಮ್ಮ ಕಡೆ ಹಂಪಿಯಲ್ಲಿ 2019ರಲ್ಲಿ ಹುಡುಗರು ಕಂಬ ತಳ್ಳಿ ಬೀಳಿಸಿದ ವಿಡಿಯೋ ನೋಡಿದಾಗಿನಿಂದ ನನಗೆ ಈ ಭಯ ಹೋಗಿಲ್ಲ. ಒಂದು ಜಾಗ ಫೇಮಸ್ ಆದಷ್ಟೂ ಅದಕ್ಕೆ ಅಪಾಯ ಜಾಸ್ತಿ ಅಲ್ವಾ?

ಮಣ್ಣಿನಮನೆ:

ಈ ಭಯ ಕೊರಿಯಾದವರಿಗೂ ಇದೆ. 2024ರ ಡಿಸೆಂಬರ್ ಕೊನೆಯಲ್ಲಿ ಇದೇ ಆನ್‌ದಾಂಗ್‌ನ ಬ್ಯೊಂಗ್‌ಸಾನ್ ಸೊವೊನ್‌ನಲ್ಲಿ ಒಂದು ಧಾರಾವಾಹಿಯ ತಂಡದವರು ದೀಪ ತೂಗುಹಾಕಲು ಮರದ ಕಂಬಗಳಿಗೆ ಮೊಳೆ ಹೊಡೆದರು. ಅದು ಹಳೆಯ ಕಾಲದ ವಿದ್ಯಾಶಾಲೆ, 2019ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿಗೆ ನೋಡಲು ಬಂದಿದ್ದ ಒಬ್ಬರು ಅದನ್ನು ಕಂಡು ಆಕ್ಷೇಪಿಸಿ, ಆಮೇಲೆ ಎಲ್ಲರಿಗೂ ತಿಳಿಯುವ ಹಾಗೆ ಬರೆದರು. ದೇಶವೇ ಸಿಟ್ಟಾಯಿತು. ವಾಹಿನಿಯವರು ಕ್ಷಮೆ ಕೇಳಬೇಕಾಯಿತು, ಪೊಲೀಸ್ ದೂರೂ ಆಯಿತು.

ಮರದ ಕೆಲಸ ಮಾಡುವವನಾಗಿ ಹೇಳುತ್ತೇನೆ. ಹಳೆಯ ಕಂಬಕ್ಕೆ ಹೊಡೆದ ಮೊಳೆ ಸಣ್ಣ ವಿಷಯ ಅಲ್ಲ. ಆ ತೂತಿನಿಂದ ತೇವ ಒಳಗೆ ಹೋಗುತ್ತದೆ, ಕಬ್ಬಿಣ ತುಕ್ಕು ಹಿಡಿದು ಊದಿಕೊಂಡರೆ ಮರ ಸೀಳುತ್ತದೆ, ಹುಳಕ್ಕೂ ದಾರಿ ಆಗುತ್ತದೆ. ನಮ್ಮಲ್ಲಿ ತೊಟ್ಟಿಮನೆ ಕಂಬಗಳಿಗೆ ಕ್ಯಾಲೆಂಡರ್ ಹಾಕಲು ಮೊಳೆ ಹೊಡೆದಿರುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಆದರೂ ಚಿತ್ರೀಕರಣ ಬೇಡವೇ ಬೇಡ ಅಂತ ನಾನು ಹೇಳಲ್ಲ. ಮಾನ್‌ಹ್ಯುಜಂಗ್ ಹೆಸರನ್ನು ನಾನು ಕೇಳಿದ್ದೇ ಧಾರಾವಾಹಿಯಿಂದ. ಆ ರಾತ್ರಿ ಅಷ್ಟು ಜನ ಆ ಪುಟ್ಟ ಮಂಟಪಕ್ಕಾಗಿ ಚಡಪಡಿಸಿದ್ದಕ್ಕೆ ಆ ದೃಶ್ಯವೂ ಒಂದು ಕಾರಣ. ಬೆಳಕು, ಹಗ್ಗ, ಭಾರದ ಕ್ರೇನು ಬೇಕಾಗುವ ದೃಶ್ಯಗಳನ್ನು ಸೆಟ್‌ನಲ್ಲಿ ತೆಗೆಯಲಿ. ಇಬ್ಬರು ನಿಂತು ಮಾತಾಡುವ ದೃಶ್ಯಕ್ಕೆ ನಿಜವಾದ ಜಾಗ ಇರಲಿ, ಪಕ್ಕದಲ್ಲಿ ಪುರಾತತ್ವದವರು ಒಬ್ಬರು ನಿಂತಿರಲಿ. ನನ್ನ ಅಭಿಪ್ರಾಯ ಇಷ್ಟೇ.

ಕಾಫಿತೋಟ:

ಈ ಬೆಂಕಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಮುಂದಿನ ಸಲ ಹೋದರೆ ಸೇತುವೆಗೂ ಹೋಗುತ್ತೇನೆ. ತುಂಗಾತೀರ ಅವರೇ, ನನ್ನ ಮಾತು ಹಿಂದೆ ತೆಗೆದುಕೊಂಡೆ, ಒಂದೇ ಜಾಗಕ್ಕೆ ಸಮಯ ಇದ್ದರೆ ಆನ್‌ದಾಂಗ್ ಆರಿಸಿ.

ಸುವೊನ್ ಕನ್ನಡಿಗ:

ಸೆಟ್ ಮತ್ತು ನಿಜ ಎಂಬ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮ ಸುವೊನ್ ಅರಮನೆ ಎರಡೂ ಅಲ್ಲ. ಜಪಾನಿನ ಆಳ್ವಿಕೆಯ ಕಾಲದಲ್ಲಿ ಅದನ್ನು ಕೆಡವಿ ಆಸ್ಪತ್ರೆ, ಶಾಲೆ ಕಟ್ಟಿದ್ದರು. 1989ರಲ್ಲಿ ಮರಳಿ ಕಟ್ಟಲು ಶುರು ಮಾಡಿ 2024ರ ಏಪ್ರಿಲ್‌ನಲ್ಲಿ ಮುಗಿಸಿದರು. 35 ವರ್ಷ! ಹೇಗೆ ಸಾಧ್ಯ ಆಯಿತು ಅಂದರೆ, ಅರಮನೆಯನ್ನು ಸುತ್ತುವರಿದ ಕೋಟೆ ಕಟ್ಟಿದ ಕಾಲದಲ್ಲೇ ಎಲ್ಲವನ್ನೂ ಚಿತ್ರದ ಸಮೇತ ಪುಸ್ತಕದಲ್ಲಿ ದಾಖಲಿಸಿ 1801ರಲ್ಲಿ ಅಚ್ಚು ಹಾಕಿಸಿದ್ದರು. ಅದನ್ನೇ ನೋಡಿಕೊಂಡು ಮತ್ತೆ ಕಟ್ಟಿದರು. ಹಾಗಾಗಿ ಹೊಸ ಮರ ಕಂಡು ಇದು ನಕಲಿ ಅಂದುಕೊಳ್ಳಬೇಡಿ.

ಮಿಸ್ಟರ್ ಸನ್‌ಶೈನ್ ಕಥೆ ನಿಲ್ಲುವುದೂ ಜಪಾನಿನ ಆಳ್ವಿಕೆಯ ಅದೇ ನೋವಿನ ಹೊಸ್ತಿಲಲ್ಲಿ ಅಲ್ವಾ. ಕೊನೆಯ ಭಾಗದಲ್ಲಿ ಬಂದೂಕು ಹಿಡಿದು ಸಾಲಾಗಿ ನಿಂತ ಹಳ್ಳಿ ಜನರ ಫೋಟೋ ಬರುತ್ತದೆ. ಅದು ಕಲ್ಪನೆ ಅಲ್ಲ. 1907ರಲ್ಲಿ ಮೆಕೆಂಜಿ ಎಂಬ ಪತ್ರಕರ್ತ ನಿಜವಾದ ಹೋರಾಟಗಾರರನ್ನು ಹಾಗೇ ನಿಲ್ಲಿಸಿ ತೆಗೆದ ಫೋಟೋ ಇದೆ, ಅದನ್ನೇ ಮರುಸೃಷ್ಟಿ ಮಾಡಿದ್ದಾರೆ. ಅಮ್ಮನಿಗೆ ಹೊರಡುವ ಮೊದಲು ಆ ಫೋಟೋ ತೋರಿಸಿ.

ತುಂಗಾತೀರ:

ಎಲ್ಲರಿಗೂ ಕೈಮುಗಿಯುತ್ತೇನೆ. ಇದನ್ನೆಲ್ಲ ಸಂಜೆ ಅಮ್ಮನಿಗೆ ಓದಿ ಹೇಳಿದೆ. ಬೆಂಕಿಯ ಭಾಗ ಬಂದಾಗ ಎರಡು ಸಲ ಓದಿಸಿದಳು. ಫೋಟೋವನ್ನೂ ತೋರಿಸಿದೆ. ಅದರಲ್ಲಿ ಒಬ್ಬ ತೀರಾ ಚಿಕ್ಕ ಹುಡುಗನ ಹಾಗೆ ಕಾಣುತ್ತಾನಲ್ಲ, 'ಇವನ ತಾಯಿ ಏನು ಮಾಡಿಕೊಂಡಳೋ' ಅಂದಳು.

ಏ-ಶಿನ್ ಮನೆಯನ್ನು ಬಿಡುತ್ತಿದ್ದೇವೆ, ದೂರ ಆಗುತ್ತದೆ. ಆದರೆ ಅದು ಈಗಲೂ ಒಂದು ವಂಶದ ಮನೆಯಾ? ನಮ್ಮ ಕಡೆ ಆಗುಂಬೆಯ ದೊಡ್ಡಮನೆಗೆ ಮಾಲ್ಗುಡಿ ಡೇಸ್ ನೋಡಿದವರು ಈಗಲೂ ಬರುತ್ತಾರೆ. ಜನ ವಾಸ ಇರುವ ಮನೆ ಅಂತ ಕೆಲವರು ಮರೆತುಬಿಡುತ್ತಾರೆ. ಚಿಕ್ಕವಳಿದ್ದಾಗ ಅಲ್ಲಿಗೆ ಹೋಗಿದ್ದೆ, ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಕರೆದ ಮೇಲೇ ಒಳಗೆ ಹೋಗು ಅಂದಿದ್ದು ನೆನಪಿದೆ.

ಮಣ್ಣಿನಮನೆ:

ಹೌದು. 15ನೇ ಶತಮಾನದ ವಿದ್ವಾಂಸ ಜಾಂಗ್ ಯೊ-ಚಾಂಗ್ ಅವರ ಮನೆತನದ್ದು, ಇಲ್ದು ಎನ್ನುವುದು ಅವರ ಕಾವ್ಯನಾಮ. ಗೇಪ್ಯೊಂಗ್ ಎಂಬ ಹಳ್ಳಿ, ಸುತ್ತಲೂ ಇಂಥದೇ ಮನೆಗಳು. ನಿಮ್ಮ ಅಮ್ಮ ಹೇಳಿಕೊಟ್ಟಿದ್ದೇ ಅಲ್ಲಿಗೂ ಸರಿ.

ಕೊಡಗಿನ ಮಂಜು:

ಊಟದ ಬಗ್ಗೆ ಯಾರೂ ಬರೆದಿಲ್ಲ, ನಾನು ಹೇಳುತ್ತೇನೆ. ಆನ್‌ದಾಂಗ್‌ನಲ್ಲಿ ಹೊತ್‌ಜೆಸಾಬಾಪ್ ಅಂತ ಒಂದು ಊಟ ಸಿಗುತ್ತದೆ. ಜೆಸಾ ಅಂದರೆ ಹಿರಿಯರಿಗೆ ಇಡುವ ಎಡೆ, ನಮ್ಮ ತಿಥಿಯ ಹಾಗೆ. ಹೊತ್ ಅಂದರೆ ಸುಮ್ನೆ, ಸುಳ್ಳು. ಯಾರ ತಿಥಿಯೂ ಇಲ್ಲದೆ ತಿಥಿ ಊಟ! ಹಳೆಯ ಕಾಲದಲ್ಲಿ ರಾತ್ರಿ ಓದುತ್ತಾ ಕೂತ ವಿದ್ವಾಂಸರಿಗೆ ಹಸಿವಾದಾಗ ಎಡೆ ಇಡುವ ನೆಪ ಮಾಡಿ ಈ ಅಡುಗೆ ಮಾಡಿಸುತ್ತಿದ್ದರು ಅಂತ ಅಲ್ಲಿ ಕಥೆ ಹೇಳುತ್ತಾರೆ. ಅನ್ನದ ಜೊತೆ ನಾಲ್ಕೈದು ಥರದ ಸೊಪ್ಪು, ಬೇರು, ಮೊಳಕೆ ಕಾಳು. ಕೆಂಪು ಖಾರದ ಬದಲು ಸೋಯಾ ಸಾಸ್ ಹಾಕಿ ಕಲಸಿ ತಿನ್ನುವುದು. ಹಿರಿಯರಿಗೆ ಇಡುವ ಅಡುಗೆಗೆ ಮೆಣಸಿನಪುಡಿ, ಬೆಳ್ಳುಳ್ಳಿ ಹಾಕಲ್ಲ ಎನ್ನುವ ಪದ್ಧತಿ ಅವರಲ್ಲೂ ಇದೆ. ಅದನ್ನು ಕೇಳಿ ನನಗೆ ಎಷ್ಟು ಹತ್ತಿರ ಅನ್ನಿಸಿತು ಗೊತ್ತಾ.

ಅದರಲ್ಲಿ ಎಳೆ ಜರಿಗಿಡದ ಚಿಗುರೂ ಇರುತ್ತದೆ, ಗೊಸಾರಿ ಅಂತಾರೆ. ನಮ್ಮ ಕೊಡಗಿನ ತೆರ್ಮೆ ಸೊಪ್ಪು ತಿಂದವರಿಗೆ ಬಾಯಿಗಿಟ್ಟ ತಕ್ಷಣ ಪರಿಚಯ ಸಿಗುತ್ತದೆ.

ಎಚ್ಚರ ಏನೆಂದರೆ, ಆ ಊಟದ ಜೊತೆ ತಟ್ಟೆಯಲ್ಲಿ ಮೀನು, ಮಾಂಸದ ತುಂಡು ಬರುತ್ತದೆ, ಸಾರಿನಲ್ಲೂ ಇರುತ್ತದೆ. ಸೊಪ್ಪು ಮತ್ತು ಅನ್ನ ಮಾತ್ರ ಸಾಕು ಅಂತ ಕೊರಿಯನ್ ಭಾಷೆಯಲ್ಲಿ ಚೀಟಿ ಬರೆಸಿಕೊಂಡು ಹೋಗಿ. ವೊಲ್ಯೊಂಗ್‌ಗ್ಯೊ ಎಂಬ 387 ಮೀಟರ್ ಉದ್ದದ ಮರದ ಸೇತುವೆ ಇದೆ, ಅದರ ಹತ್ತಿರದ ಹೋಟೆಲುಗಳಲ್ಲಿ ಈ ಊಟ ಸಿಗುತ್ತದೆ. ಸಂಜೆ ಊಟ ಮಾಡಿ ಆ ಸೇತುವೆ ಮೇಲೆ ಅಮ್ಮನ ಜೊತೆ ನಿಧಾನಕ್ಕೆ ಒಂದು ಸುತ್ತು ಹಾಕಿ. ಆದರೂ ಮನೆಯಿಂದ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಳ್ಳುವುದನ್ನು ಮರೆಯಬೇಡಿ.

ಹೊಸಚಿಗುರು:

ಸೋಲ್‌ನಲ್ಲಿ ಒಂದು ದಿನ ಇದ್ದರೆ ಅಮ್ಮನಿಗೆ ಹಾನ್‌ಬೊಕ್, ಅಂದರೆ ಅಲ್ಲಿನ ಸಾಂಪ್ರದಾಯಿಕ ಉಡುಪು, ಉಡಿಸಿ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಕರೆದುಕೊಂಡು ಹೋಗಿ. ಹಾನ್‌ಬೊಕ್ ಉಟ್ಟವರಿಗೆ ಟಿಕೆಟ್ ಇಲ್ಲ. ಮಂಗಳವಾರ ರಜೆ, ಅದೊಂದು ನೋಡಿಕೊಳ್ಳಿ.

ತುಂಗಾತೀರ:

ಅಮ್ಮ ಹಾನ್‌ಬೊಕ್ ಉಡಲ್ಲವಂತೆ, ಆ ಸೇತುವೆಗೆ ತನ್ನ ಹಸಿರು ಇಳಕಲ್ ಸೀರೆಯನ್ನೇ ಉಡುತ್ತಾಳಂತೆ. ಈಗಲೇ ತೆಗೆದಿಟ್ಟಿದ್ದಾಳೆ. ನಮ್ಮ ಪ್ಲಾನ್ ಹೀಗಿದೆ: ಸುವೊನ್ 2 ದಿನ, ಆನ್‌ದಾಂಗ್ 3 ರಾತ್ರಿ, ನೊನ್‌ಸಾನ್ 1 ದಿನ, ಉಳಿದದ್ದು ಸೋಲ್.

ಮಣ್ಣಿನಮನೆ ಅವರೇ, ಕೊನೆಯದಾಗಿ ಒಂದು. ಆ ಸೇತುವೆಗೆ ಹಿಡಿದುಕೊಳ್ಳಲು ಏನಾದರೂ ಇದೆಯಾ? ಅಮ್ಮನಿಗೆ ಮಂಡಿ ನೋವಿದ್ದರೆ ದಾಟಬಹುದಾ?

ಮಣ್ಣಿನಮನೆ:

ಹಿಡಿದುಕೊಳ್ಳಲು ಏನೂ ಇಲ್ಲ. ಸಣ್ಣದು, ಇಬ್ಬರು ಅಕ್ಕಪಕ್ಕ ನಡೆಯಲು ಆಗಲ್ಲ. ನೀವು ಮುಂದೆ ಹೋಗಿ, ಕೈ ಹಿಂದಕ್ಕೆ ಚಾಚಿ, ಅಮ್ಮ ಅದನ್ನು ಹಿಡಿದುಕೊಂಡು ಬರಲಿ. ಮಳೆ ಬಂದಿದ್ದರೆ ದಾಟಬೇಡಿ, ಈಚೆ ದಡದ ಬಂಡೆಯ ಮೇಲೆ ಕೂತರೂ ಮಂಟಪ ಪೂರ್ತಿ ಕಾಣುತ್ತದೆ. ಬೆಳಿಗ್ಗೆ ಬೇಗ ಹೋಗಿ. ಫೋಟೋಗೆ ಸಾಲು ನಿಲ್ಲುವವರು ಆಮೇಲೆ ಬರುತ್ತಾರೆ.

ತುಂಗಾತೀರ:

ಸರಿ. ಹಾಗೇ ಮಾಡುತ್ತೇವೆ. ಅಮ್ಮನಿಗೆ ಹೇಳಿದೆ, 'ಕೈ ಹಿಡಿದುಕೊಂಡು ದಾಟುವುದೇ ತಾನೇ, ತುಂಗೆಯ ಹೊಳೆಸಾಲಲ್ಲಿ ನಿನ್ನನ್ನು ಎಷ್ಟು ಸಂಕ ದಾಟಿಸಿಲ್ಲ' ಅಂದಳು. ಬಂದ ಮೇಲೆ ಇಲ್ಲೇ ಬರೆಯುತ್ತೇನೆ.